ಹೊಟ್ಟೆ ಯಾರದು, ಆಯ್ಕೆ ಯಾರದು?

ಆಲೂರಿನಲ್ಲಿ ನಮಗೆ ಗೊತ್ತಿರುವ ಒಂದು ಮನೆಯಿದೆ. ಆ ಮನೆಯ ಹೆಣ್ಣುಮಗಳೊಬ್ಬರಿಗೆ ನಲವತ್ತೊಂದು ವರ್ಷ. ಎತ್ತರ 155 ಸೆಂಟಿಮೀಟರ್, ತೂಕ 104 ಕಿಲೋ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಂಡಿ ಸವೆದಿದೆ. ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾರೆ. ಅದೇ ಮನೆಯಲ್ಲಿ ಅವರ ಅಕ್ಕನ ಮಗಳಿದ್ದಾಳೆ. ಇಪ್ಪತ್ತೆರಡು ವರ್ಷ, 158 ಸೆಂಟಿಮೀಟರ್, 74 ಕಿಲೋ. ಕಾಯಿಲೆ ಒಂದೂ ಇಲ್ಲ. ದಿನಾ ಬಸ್ಸು ಹಿಡಿದು ಹಾಸನಕ್ಕೆ ಓದಲು ಹೋಗಿ ಬರುತ್ತಾಳೆ.

ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರವರು ಇಲ್ಲಿ ಉಚಿತ ತಪಾಸಣೆಯ ಕ್ಯಾಂಪ್ ಮಾಡಿದಾಗ ಚಿಕ್ಕಮ್ಮ, ಮಗಳು ಇಬ್ಬರ ಕೈಗೂ ಒಂದೇ ಕರಪತ್ರ ಬಂತು. ಅದರಲ್ಲಿ ನಾಲ್ಕು ಬಗೆಯ ಆಪರೇಷನ್‌ಗಳ ಚಿತ್ರ. ಹೋಟೆಲಿನ ಗೋಡೆಯ ಮೇಲೆ ಸೆಟ್ ದೋಸೆ, ಮಸಾಲೆ ದೋಸೆ ಎಂದು ಬರೆದಿರುತ್ತಾರಲ್ಲ, ಹಾಗೆ. ಕೆಳಗೆ 'ನಿಮ್ಮ ಆಯ್ಕೆ ನಿಮ್ಮದು' ಎಂಬ ಸಾಲು, ಜೊತೆಗೆ ಕಂತಿನಲ್ಲಿ ಹಣ ಕಟ್ಟುವ ವಿವರ.

ಮನೆಯ ಗಂಡಸರು ಕೂತು ತೀರ್ಮಾನಿಸಿದ್ದೇನು? ಚಿಕ್ಕಮ್ಮನಿಗೆ ಹೇಳಿದ್ದು: "ಸ್ವಲ್ಪ ನಡಿ, ಬಾಯಿ ಕಟ್ಟು. ಅಲ್ಲಾಹು ಕೊಟ್ಟ ಹೊಟ್ಟೆ ಯಾಕೆ ಕೊಯ್ಯಿಸಿಕೊಳ್ಳುತ್ತೀ?" ಮಗಳಿಗೆ ಹೇಳಿದ್ದು: "ಶುಂಠಿ ದುಡ್ಡು ಬರಲಿ, ಹುಡುಗನ ಕಡೆಯವರು ನೋಡಲು ಬರುವ ಮೊದಲೇ ಮಾಡಿಸಿಬಿಡೋಣ." ಅಲ್ಲಾಹು ಕೊಟ್ಟ ಹೊಟ್ಟೆಯ ಮಾತು ಮಗಳ ವಿಷಯದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಈ ಎರಡು ತೀರ್ಮಾನಗಳೂ ತಪ್ಪು ಎಂದು ನಾವು ಹೇಳುತ್ತೇವೆ. ಬೇಕಾದವರಿಗೆ ಬೇಡ ಎನ್ನುವುದು, ಬೇಡದವರಿಗೆ ಬಲವಂತ ಮಾಡುವುದು ನಮ್ಮಲ್ಲಿ ಒಂದೇ ನಾಲಿಗೆಯಿಂದ ನಡೆಯುತ್ತದೆ. ಆಸ್ಪತ್ರೆಯವರಿಗೆ ಇಬ್ಬರೂ ಗಿರಾಕಿಗಳೇ. ಹಾಗಾಗಿ ಅವರು ಯಾರನ್ನೂ ತಿದ್ದಲು ಹೋಗುವುದಿಲ್ಲ.

ಮೊದಲು ಚಿಕ್ಕಮ್ಮನ ವಿಷಯ. ತೂಕವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಅವರದು 43. ಇಷ್ಟು ತೂಕ, ಮೇಲೆ ಸಕ್ಕರೆ, ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟುವಿಕೆ ಇರುವವರಿಗೆ ಈ ಶಸ್ತ್ರಚಿಕಿತ್ಸೆ ಶೋಕಿಯಲ್ಲ, ಔಷಧಿ. ಸ್ವೀಡನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹತ್ತು ವರ್ಷಗಳ ಮೇಲ್ಪಟ್ಟು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಕಂಡುಬಂತು. ಅನುಭವಿಗಳ ಕೈಯಲ್ಲಿ ಆಪರೇಷನ್‌ನಿಂದಲೇ ಸಾಯುವವರು ಸಾವಿರಕ್ಕೆ ಒಬ್ಬರ ಆಸುಪಾಸು. 'ಬಾಯಿ ಕಟ್ಟು' ಎಂದು ಉಪದೇಶಿಸುವವರು ಒಂದು ಸಲ ನೂರು ಕಿಲೋದ ದೇಹ ಹೊತ್ತು ಕಾಫಿ ತೋಟದ ಏರು ಹತ್ತಿ ನೋಡಲಿ. ಇಷ್ಟು ತೂಕವಿರುವವರು ಉಪವಾಸ ಬಿದ್ದು ಹತ್ತು ಕಿಲೋ ಇಳಿಸಿದರೂ ದೇಹವೇ ಹಸಿವು ಹೆಚ್ಚಿಸಿ ಅದನ್ನು ವಾಪಸು ತರುತ್ತದೆ. ಅದು ಗುಣದೋಷವಲ್ಲ. ಇನ್ನು ಧರ್ಮದ ಮಾತು. ಸೃಷ್ಟಿಯನ್ನು ಅಂದಕ್ಕಾಗಿ ಬದಲಿಸುವುದಕ್ಕೂ ಕಾಯಿಲೆಗೆ ಚಿಕಿತ್ಸೆ ಪಡೆಯುವುದಕ್ಕೂ ಎಷ್ಟೋ ಧರ್ಮವಿದ್ವಾಂಸರು ವ್ಯತ್ಯಾಸ ಮಾಡಿದ್ದಾರೆ. ನಮ್ಮ ಜಗಲಿಯ ಪಂಡಿತರು ಆ ವ್ಯತ್ಯಾಸವನ್ನು ತಲೆಕೆಳಗು ಮಾಡಿ ಅನ್ವಯಿಸುತ್ತಾರೆ.

ಆದರೆ ಅವರು ಯಾವ ಆಪರೇಷನ್ ಮಾಡಿಸಿಕೊಳ್ಳಬೇಕು? ಕ್ಯಾಂಪಿನವರು ಹೇಳಿದ್ದು ಒಂದೇ ಲೆಕ್ಕ, ಯಾವುದರಲ್ಲಿ ಎಷ್ಟು ಕಿಲೋ ಇಳಿಯುತ್ತದೆ ಎಂಬುದು. ಕಿಲೋದ ಲೆಕ್ಕ ಅಕ್ಕಿ ಅಂಗಡಿಗೆ ಸರಿ.

ಇಂದು ಹೆಚ್ಚಾಗಿ ಮಾಡುವುದು ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಕರುಳಿನ ತಂಟೆಗೆ ಹೋಗುವುದಿಲ್ಲ. ಆದರೆ ತೆಗೆದದ್ದು ಮತ್ತೆ ಬರುವುದೂ ಇಲ್ಲ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ., ಅಂದರೆ ಎರಡು ದೊಡ್ಡ ಚಮಚ ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆಹಾರ ಮಾತ್ರ ಅತ್ತ ಹೋಗುವುದಿಲ್ಲ. ಎರಡು ಜೋಡಣೆಯ ಬದಲು ಒಂದೇ ಜೋಡಣೆ ಮಾಡಿದರೆ ಅದು ಮಿನಿ ಬೈಪಾಸ್. ಹೆಸರು ಮಿನಿಯಾದರೂ ಪರಿಣಾಮ ಮಿನಿಯಲ್ಲ. ಕರುಳನ್ನು ಹೆಚ್ಚು ಉದ್ದ ಬಿಟ್ಟು ಜೋಡಿಸಿದರೆ ಪೋಷಕಾಂಶದ ಕೊರತೆ ಹೆಚ್ಚು. ಪಿತ್ತರಸ ಮೇಲಕ್ಕೆ ಬರುವ ತೊಂದರೆಯೂ ಇದೆ. ಬಲೂನ್ ಎಂಬುದು ಆಪರೇಷನ್ ಅಲ್ಲ, ಕೆಲವು ತಿಂಗಳು ಹೊಟ್ಟೆಯೊಳಗೆ ಇಟ್ಟು ತೆಗೆಯುವ ವಸ್ತು. ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು. ಜಠರದ ಕೊರಳಿಗೆ ಕಟ್ಟುವ ಬ್ಯಾಂಡ್ ಎಂಬುದೊಂದಿತ್ತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಅದೇ ಎಲ್ಲಕ್ಕಿಂತ ಸುರಕ್ಷಿತ ಎಂದು ಮಾರಿದರು. ಎಷ್ಟೋ ಜನ ಅದನ್ನು ತೆಗೆಸಲು ಮತ್ತೆ ಆಪರೇಷನ್ ಟೇಬಲ್ ಹತ್ತಬೇಕಾಯಿತು. ಈಗ ಅದನ್ನು ಕೇಳುವವರಿಲ್ಲ. ಇಂದಿನ ಕರಪತ್ರ ಓದುವಾಗ ಅಂದಿನ ಕರಪತ್ರ ನೆನಪಿರಲಿ.

ಫಿನ್ಲೆಂಡಿನಲ್ಲಿ 240 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಒಂದಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ನೋಡಿದರು. ಫಲಿತಾಂಶ 2022ರಲ್ಲಿ ಬಂತು. ತೂಕದಲ್ಲಿ ಬೈಪಾಸ್ ಸ್ವಲ್ಪ ಮುಂದೆ, ಅಷ್ಟೆ. ಆದರೆ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇ. 31, ಬೈಪಾಸ್ ಆದವರಲ್ಲಿ ಶೇ. 7. ಮೊದಲೇ ಎದೆಯುರಿ ಇರುವವರಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇನ್ನೇನಿದೆ? ಕ್ಯಾಂಪಿನಲ್ಲಿ "ನಿಮಗೆ ಹುಳಿತೇಗು ಬರುತ್ತದೆಯೇ?" ಎಂದು ಒಬ್ಬರೂ ಕೇಳಲಿಲ್ಲ.

ಕೇಳದೇ ಬಿಟ್ಟದ್ದು ಇನ್ನೂ ಇದೆ. ಚಿಕ್ಕಮ್ಮನ ಹಿಮೋಗ್ಲೋಬಿನ್ 8.4. ಬೈಪಾಸ್‌ನಲ್ಲಿ ಆಹಾರ ದಾಟಿಹೋಗುವ ಕರುಳಿನ ಭಾಗವೇ ಕಬ್ಬಿಣಾಂಶವನ್ನು ಹೆಚ್ಚು ಹೀರುವ ಭಾಗ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ. 30 ಹೆಂಗಸರ ತೂಕ ಮಿತಿಗಿಂತ ಹೆಚ್ಚು. ದೇಹ ದಪ್ಪ, ರಕ್ತ ತೆಳು. ಇದು ನಮ್ಮ ನಾಡಿನ ಹೆಣ್ಣಿನ ಸ್ಥಿತಿ. ಬೇರೆ ದೇಶದ ಅಂಕಿ ತೋರಿಸಿ ಇವರ ಹೊಟ್ಟೆಗೆ ಕತ್ತರಿ ಹಾಕುವ ಮೊದಲು ರಕ್ತ ನೋಡಬೇಡವೇ?

ಮಂಡಿನೋವಿನ ಮಾತ್ರೆ ಇನ್ನೊಂದು. ಆಲೂರು, ಸಕಲೇಶಪುರದ ಯಾವ ಮೆಡಿಕಲ್ ಶಾಪಿನಲ್ಲಿ ನೋಡಿ, ಸಂಜೆಯಾದರೆ ಮೈಕೈ ನೋವಿನ ಮಾತ್ರೆ ಕೇಳುವವರ ಸಾಲು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಬೈಪಾಸ್ ಆದವರು ಮುಟ್ಟಬಾರದು. ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ತೂತೂ ಬೀಳಬಹುದು. ಬೀಡಿ ಸಿಗರೇಟಿನಿಂದಲೂ ಇದೇ ಅಪಾಯ. ಸಕ್ಕರೆ ಕಾಯಿಲೆ ನೋಡಿದರೆ ಇವರಿಗೆ ಬೈಪಾಸ್ ಒಳ್ಳೆಯದು. ರಕ್ತವನ್ನೂ ನೋವಿನ ಮಾತ್ರೆಯನ್ನೂ ನೋಡಿದರೆ ಸ್ಲೀವ್ ಒಳ್ಳೆಯದು. ಆಯ್ಕೆ ಎಂದರೆ ಇದು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಯಾವುದನ್ನು ಕೈಬಿಟ್ಟು ಬದುಕಬಲ್ಲೆ ಎಂದು ಹೇಳಬೇಕಾದವರು ಆ ದೇಹ ಹೊತ್ತವರೇ.

ದೂರದ ಮಾತನ್ನೂ ಹೇಳಲೇಬೇಕು. ಸ್ಟೇಪಲ್ ಹಾಕಿದ ಗೆರೆ ಸೋರುವುದು ಅಪರೂಪ. ಆದರೆ ಅದು ಹಲವು ಸಲ ಮನೆಗೆ ಬಂದ ಮೇಲೆಯೇ ಗೊತ್ತಾಗುತ್ತದೆ. ಜ್ವರ, ಎದೆಬಡಿತ, ಭುಜದಲ್ಲಿ ನೋವು ಬಂದಾಗ ಗಂಟೆಗಳೂ ಮುಖ್ಯ. ಬೈಪಾಸ್ ಆದವರಿಗೆ ವರ್ಷಗಳ ನಂತರ ಕರುಳು ಒಳಗೇ ಸಿಕ್ಕಿಕೊಂಡು ವಿಪರೀತ ಹೊಟ್ಟೆನೋವು ಬರಬಹುದು. ಅದನ್ನು ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರೆ ಕಥೆ ಮುಗಿಯಿತು. ಬೆಂಗಳೂರು ಇಲ್ಲಿಂದ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಮಂಗಳೂರಿಗೆ ಹೋಗಬೇಕಾದರೆ ಶಿರಾಡಿ ಘಾಟ್ ಇಳಿಯಬೇಕು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದಾಗ ಆ ದಾರಿಯ ಗತಿ ಏನಾಯಿತೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಆಪರೇಷನ್ ಇಟ್ಟುಕೊಳ್ಳುವ ಮಲೆನಾಡಿನವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಏನು ಕತ್ತರಿಸಿದ್ದೇವೆ, ಎಲ್ಲಿ ಜೋಡಿಸಿದ್ದೇವೆ, ಯಾವ ಲಕ್ಷಣ ಕಂಡರೆ ಏನು ಮಾಡಬೇಕು ಎಂದು ಒಂದು ಹಾಳೆ ಬರೆದುಕೊಟ್ಟರೆ ಅಲ್ಲಿಗಾದರೂ ಓಡಬಹುದು. ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ಆ ಹಾಳೆಗೆ ಜಾಗವಿರಲಿಲ್ಲ.

ಇನ್ನು ಮಗಳು. ಅವಳ ಬಿಎಂಐ 29.6. ಇಲ್ಲೊಂದು ಆಟ ಇದೆ, ಓದುಗರು ಗಮನಿಸಬೇಕು. 1991ರಲ್ಲಿ ಅಮೆರಿಕದಲ್ಲಿ ಹಾಕಿದ ಗೆರೆ 40. ಜೊತೆಗೆ ಗಂಭೀರ ಕಾಯಿಲೆಗಳಿದ್ದರೆ 35. 2022ರಲ್ಲಿ ಈ ಆಪರೇಷನ್ ಮಾಡುವ ವೈದ್ಯರದೇ ಎರಡು ದೊಡ್ಡ ಸಂಘಗಳು ಗೆರೆಯನ್ನು ಕೆಳಗಿಳಿಸಿ, ಏಷ್ಯಾದವರಿಗೆ 27.5ರಿಂದಲೇ ಇದನ್ನು ಸೂಚಿಸಬಹುದು ಎಂದವು. ನಮ್ಮ ಜನರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ನಿಜ, ಆ ಕಾರಣವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮದಲ್ಲಿ ಗೆರೆ ಇರುವುದು 40ರಲ್ಲಿ, ಗಂಭೀರ ಕಾಯಿಲೆಗಳಿದ್ದರೆ 35ರಲ್ಲಿ. ದುಡ್ಡು ಕೊಡುವವರಿಗೆ ಒಂದು ಗೆರೆ, ದುಡ್ಡು ತೆಗೆದುಕೊಳ್ಳುವವರಿಗೆ ಇನ್ನೊಂದು ಗೆರೆ! ಕಾಯಿಲೆಯೇ ಇಲ್ಲದ ಇಪ್ಪತ್ತೆರಡರ ಹುಡುಗಿ ಈ ಎರಡು ಗೆರೆಗಳ ನಡುವಿನ ಸಂತೆಯಲ್ಲಿ ನಿಂತಿದ್ದಾಳೆ.

ಮದುವೆಗಾಗಿ ಮಾಡಿಸಿದರೆ ಆಗುವುದೇನು? ಮೂರ್ನಾಲ್ಕು ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ. ಅಂದರೆ ಸರಿಯಾಗಿ ಮದುವೆಯ ಹೊತ್ತಿಗೆ. ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಎನ್ನುತ್ತಾರೆ ವೈದ್ಯರು. ನಿಕಾಹ್ ಆಗಿ ಆರು ತಿಂಗಳಿಗೆ 'ಏನಾದರೂ ವಿಶೇಷ ಉಂಟಾ?' ಎಂದು ಕೇಳುವ ನಮ್ಮ ಅತ್ತೆಯಂದಿರಿಗೆ ಇದನ್ನು ಯಾರು ಹೇಳುತ್ತಾರೆ? ಬೈಪಾಸ್ ಆದರೆ ಗರ್ಭನಿರೋಧಕ ಮಾತ್ರೆಯನ್ನೂ ಪೂರ್ತಿ ನಂಬುವಂತಿಲ್ಲ. ಮೊದಲ ತಿಂಗಳುಗಳಲ್ಲಿ ರಮಝಾನ್ ಬಂದರೆ ಉಪವಾಸ ಬೇಡ ಎನ್ನುತ್ತಾರೆ, ಏಕೆಂದರೆ ಗುಟುಕು ಗುಟುಕಾಗಿ ದಿನವಿಡೀ ನೀರು ಕುಡಿಯಬೇಕು. ರೋಗಿಗೆ ವಿನಾಯಿತಿ ಇದೆ. ಆದರೆ ಆಪರೇಷನ್ ಗುಟ್ಟಾಗಿಟ್ಟು ಮದುವೆಯಾದವಳು ಗಂಡನ ಮನೆಯಲ್ಲಿ ಆ ವಿನಾಯಿತಿಯನ್ನು ಯಾವ ಬಾಯಲ್ಲಿ ಕೇಳುತ್ತಾಳೆ? ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳು ಬದುಕಿರುವವರೆಗೂ ಬೇಕು. ಅವುಗಳನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟು ನುಂಗಬೇಕೇ?

ಇನ್ನೊಂದು ಗೊಂದಲವಿದೆ. ಹುಡುಗಿಯ ಮಾವ "ಆಪರೇಷನ್ ಬೇಡವಾದರೆ ಕೊಬ್ಬು ಹೀರಿಸಿಬಿಡಿ" ಎಂದರಂತೆ. ಚರ್ಮದಡಿಯ ಕೊಬ್ಬು ಹೀರುವ ಲೈಪೋಸಕ್ಷನ್ ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ, ಅದರಿಂದ ಸಕ್ಕರೆ ಕಾಯಿಲೆಯೂ ಹೋಗುವುದಿಲ್ಲ. ಅಪಾಯ ಮಾತ್ರ ಅದರಲ್ಲೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಅವರಿಗೆ 21 ವರ್ಷ. ಇವಳಿಗಿಂತ ಒಂದು ವರ್ಷ ಚಿಕ್ಕವಳು. ಸುದ್ದಿ ಓದಿ ಅಯ್ಯೋ ಎಂದವರೇ ತಮ್ಮ ಮನೆಯ ಹುಡುಗಿಗೆ 'ಸ್ವಲ್ಪ ಇಳಿದರೆ ಚೆನ್ನಾಗಿರುತ್ತೆ' ಎನ್ನುತ್ತಾರೆ.

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳು, ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೊವಿ, ನಮ್ಮ ದೇಶದ ಮಾರುಕಟ್ಟೆಗೂ ಬಂದವು. ಕೆಲವರಿಗೆ ಅದರಿಂದ ಆಪರೇಷನ್ ತಪ್ಪಬಹುದು. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ ಎಂಬುದನ್ನೂ ಹೇಳಿ ಮಾರಬೇಕು.

ಹುಡುಗಿ ಕೊನೆಗೆ ತಾನೇ ಬಾಯಿಬಿಟ್ಟಳು. "ಖಾಲಾಗೆ ಮಾಡಿಸಿ. ನನಗೆ ಪರೀಕ್ಷೆ ಇದೆ" ಎಂದಳಂತೆ. ಬರಬೇಕಾಗಿದ್ದ ಸಂಬಂಧ ಬರಲಿಲ್ಲ. ಅವಳು ಬಸ್ಸು ಹಿಡಿದು ಹೋಗುವುದು ನಿಂತಿಲ್ಲ.

ಚಿಕ್ಕಮ್ಮ ಬೇರೆ ಕಡೆ ಇನ್ನೊಬ್ಬ ವೈದ್ಯೆಯನ್ನು ಕಂಡರು. ಆಕೆ ಚಿತ್ರ ತೋರಿಸುವ ಮೊದಲು ಎದೆಯುರಿ ಇದೆಯೇ, ನೋವಿಗೆ ಏನು ನುಂಗುತ್ತೀರಿ, ಮನೆಯಲ್ಲಿ ಅಡುಗೆ ಯಾರದು, ಮೊಟ್ಟೆ ಬೇಳೆ ದಿನಾ ಸಿಗುತ್ತದೆಯೇ ಎಂದು ವಿಚಾರಿಸಿದರು. ಎದೆಯುರಿ ಇಲ್ಲ. ನೋವಿನ ಮಾತ್ರೆ ಬಿಡುವುದು ಕಷ್ಟ ಎಂದು ಇವರು ಒಪ್ಪಿಕೊಂಡರು. ಸ್ಲೀವ್ ಎಂದು ತೀರ್ಮಾನವಾಯಿತು, ಅದೂ ಹಿಮೋಗ್ಲೋಬಿನ್ ಏರಿದ ಮೇಲೆ. ಈಗ ಕಬ್ಬಿಣಾಂಶದ ಡ್ರಿಪ್ ನಡೆಯುತ್ತಿದೆ. ದಿನ ಗೊತ್ತಾಗಿಲ್ಲ, ಮಳೆ ಕಳೆಯಲಿ ಎಂದಿದ್ದಾರೆ.

ಮೊದಲಿನ ಕ್ಯಾಂಪಿನವರು ಇನ್ನೂ ಫೋನ್ ಮಾಡುತ್ತಾರೆ. ಮೂರನೇ ವರ್ಷದ ರಕ್ತಪರೀಕ್ಷೆ ಯಾರು ಮಾಡುತ್ತೀರಿ, ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಆಲೂರಿನಿಂದ ಯಾರಿಗೆ ಫೋನ್ ಮಾಡಬೇಕು ಎಂದು ನಮ್ಮವರು ಕೇಳಿದರು. ಮ್ಯಾನೇಜರ್ ಜೊತೆ ಮಾತಾಡಿ ಹೇಳುತ್ತೇವೆ ಎಂದರಂತೆ.