ಹುದ್ದೆ ತೊರೆದರಷ್ಟೇ ಸಾಕೆ?

ಉನ್ನತ ಕಾರ್ಪೊರೇಟ್ ಹುದ್ದೆ ತೊರೆದು ಸಾರ್ವಜನಿಕ ಸೇವೆಗೆ ಬರುವವರನ್ನು ಸಮಾಜ ಕೊಂಡಾಡುತ್ತದೆ. ಆದರೆ ಅಳೆಯಬೇಕಾದ್ದು ತ್ಯಾಗವನ್ನಲ್ಲ, ಬಂದ ಮೇಲೆ ಮಾಡಿದ ಕೆಲಸವನ್ನು.

ನಂದನ್ ನಿಲೇಕಣಿ ಇದಕ್ಕೆ ನಿದರ್ಶನ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಅವರು 2009ರಲ್ಲಿ ಸಂಸ್ಥೆ ತೊರೆದು ವಿಶಿಷ್ಟ ಗುರುತಿನ ಪ್ರಾಧಿಕಾರದ ಅಧ್ಯಕ್ಷರಾದರು. ಮರುವರ್ಷ ಸೆಪ್ಟೆಂಬರ್‌ನಲ್ಲೇ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಮೊದಲ ಆಧಾರ್ ಸಂಖ್ಯೆಗಳು ವಿತರಣೆಯಾದವು. ಗುರುತಿನ ದಾಖಲೆಯಿಲ್ಲದ ಬಡವರಿಗೆ ಅದು ಬ್ಯಾಂಕಿನ ಬಾಗಿಲು ತೆರೆಯಿತು. ಈ ವೇಗ ಕಾರ್ಪೊರೇಟ್ ಅನುಭವದ ಕೊಡುಗೆಯೆಂದರೆ ತಪ್ಪಾಗದು.

ಆದರೆ ಯೋಜನೆಗೆ ಸಂಸತ್ತಿನ ಕಾಯ್ದೆಯ ಬಲ ದೊರೆತದ್ದು 2016ರಲ್ಲಷ್ಟೇ. ಅದರ 57ನೇ ಸೆಕ್ಷನ್‌ನಡಿ ಖಾಸಗಿ ಕಂಪನಿಗಳಿಗಿದ್ದ ಅವಕಾಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಪಡಿಸಿತು. ಸೇವೆ ಹಿಡಿಸದ ಗ್ರಾಹಕ ಬೇರೆ ಕಂಪನಿಗೆ ಹೋಗಬಲ್ಲ. ಬೆರಳಚ್ಚು ಸವೆದುಹೋದ ಕೂಲಿಕಾರನಿಗೆ ನ್ಯಾಯಬೆಲೆ ಅಂಗಡಿ ಬದಲಿಸಿದರೂ ಎದುರಾಗುವುದು ಅದೇ ಯಂತ್ರ.

2014ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತ ನಿಲೇಕಣಿ, 2017ರಲ್ಲಿ ಅಧ್ಯಕ್ಷರಾಗಿ ಇನ್ಫೋಸಿಸ್‌ಗೆ ಮರಳಿದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಬಂದವರಿಗೆ ಮರಳುವ ದಾರಿಯಿರುತ್ತದೆ, ಅವರು ಕಟ್ಟಿದ ವ್ಯವಸ್ಥೆಯೊಳಗೆ ಬದುಕುವ ಪ್ರಜೆಗೆ ಅದಿಲ್ಲ. ಹೀಗಾಗಿ ದಕ್ಷತೆಯಷ್ಟೇ ಉತ್ತರದಾಯಿತ್ವವನ್ನೂ ಅವರಿಂದ ನಿರೀಕ್ಷಿಸುವುದು ನ್ಯಾಯ.