ಎಂ.ಜಿ. ರಸ್ತೆಯ ವೈಫೈ, ಬಳ್ಳಕದ ಕೊಡೆ

2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಸಿ.ಎಂ.ಎಚ್. ರಸ್ತೆ ಹಾಗೂ ಶಾಂತಿನಗರ, ಯಶವಂತಪುರ, ಕೋರಮಂಗಲದ ಬಸ್ ನಿಲ್ದಾಣಗಳಲ್ಲಿ ‘ನಮ್ಮ ವೈಫೈ’ ಶುರುವಾಯಿತು. ಆಗ ಐಟಿ ಸಚಿವರಾಗಿದ್ದವರು ಎಸ್.ಆರ್. ಪಾಟೀಲ. ದಿನಕ್ಕೆ 50 ಎಂಬಿ ಪುಕ್ಕಟೆ, ವೇಗ 512 ಕೆಬಿಪಿಎಸ್. ಆ ವೇಗ ಪೂರ್ತಿ ಸಿಕ್ಕಿತು ಎಂದೇ ಇಟ್ಟುಕೊಂಡರೂ 50 ಎಂಬಿ ಖಾಲಿಯಾಗಲು ಹದಿಮೂರು ನಿಮಿಷ ಸಾಕು. ಆ ವರ್ಷ ದೇಶದಲ್ಲಿ ಒಂದು ಜಿಬಿ ಡೇಟಾದ ಸರಾಸರಿ ಬೆಲೆ 269 ರೂಪಾಯಿ ಇತ್ತು. ಅಂದರೆ ಸರ್ಕಾರ ಪ್ರತಿಯೊಬ್ಬರಿಗೂ ದಿನಕ್ಕೆ ಹದಿಮೂರು ರೂಪಾಯಿಯ ಉಡುಗೊರೆ ಕೊಟ್ಟಂತಾಯಿತು. ಚಿಕ್ಕದೇನಲ್ಲ. ಆದರೆ ಕೊಟ್ಟದ್ದು ಯಾರಿಗೆ? ಬ್ರಿಗೇಡ್ ರಸ್ತೆಯಲ್ಲಿ ಸಂಜೆ ಅಡ್ಡಾಡುವವರ ಜೇಬಿನಲ್ಲಿ ಅದಾಗಲೇ ಡೇಟಾ ಪ್ಯಾಕ್ ಇತ್ತು. ಜುಟ್ಟಿಗೆ ಮಲ್ಲಿಗೆ ಮುಡಿಸುವ ಕೆಲಸ ಅದು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಡೇಟಾ ಬೆಲೆ ಪಾತಾಳಕ್ಕಿಳಿದು ಎರಡೇ ವರ್ಷದಲ್ಲಿ ಜಿಬಿಗೆ ಹನ್ನೆರಡು ರೂಪಾಯಿಯ ಆಸುಪಾಸಿಗೆ ನಿಂತಿತು. ಇಂಟರ್ನೆಟ್ಟೇ ಅಗ್ಗವಾದ ಮೇಲೆ ಬಿಟ್ಟಿ ವೈಫೈ ಯಾರಿಗೆ ಬೇಕು ಎಂಬ ಮಾತು ಅಲ್ಲಿಂದ ಶುರು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ಮಾತು.

2021ರ ಜೂನ್‌ನ ಒಂದು ಚಿತ್ರ ಆ ಮಾತನ್ನು ಸುಳ್ಳು ಮಾಡಿತು. ಸುಳ್ಯ ತಾಲ್ಲೂಕಿನ ಬಳ್ಳಕ ಎಂಬ ಹಳ್ಳಿ, ಜಡಿಮಳೆ. ರಸ್ತೆ ಬದಿಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗದು, ಅಲ್ಲಿ ಸಿಗುತ್ತದೆ, ಅಷ್ಟೇ ಕಾರಣ. ದೇಶವೆಲ್ಲ ಆ ಅಪ್ಪನ ಪ್ರೀತಿಯನ್ನು ಕೊಂಡಾಡಿತು. ಕೊಂಡಾಡುವ ಭರದಲ್ಲಿ ಆ ಕೊಡೆಯ ಜಾಗದಲ್ಲಿ ಏನಿರಬೇಕಿತ್ತು ಎಂದು ಕೇಳಿದವರು ಕಡಿಮೆ. ಅಗ್ಗದ ಡೇಟಾ ಸಿಗ್ನಲ್ ಇದ್ದವರಿಗೆ ಅಗ್ಗ. ಆ ಅಗ್ಗವೂ ಈಗ ಹಾಗೇ ಉಳಿದಿಲ್ಲ: 28 ದಿನ, ದಿನಕ್ಕೆ ಒಂದೂವರೆ ಜಿಬಿಯ ಜಿಯೊ ಪ್ಯಾಕು 2024ರ ಜುಲೈನಲ್ಲಿ 239ರಿಂದ 299 ರೂಪಾಯಿಗೆ ಏರಿತು. ಮನೆಯಲ್ಲಿ ಮೂರು ಮೊಬೈಲ್ ಇದ್ದರೆ ತಿಂಗಳಿಗೆ ಒಂಬೈನೂರು.

ಹಾಗಾದರೆ ಪುಕ್ಕಟೆ ವೈಫೈ ಎಲ್ಲಿಯೂ ಗೆದ್ದಿಲ್ಲವೇ? ಗೆದ್ದಿದೆ, ರೈಲ್ವೆ ನಿಲ್ದಾಣಗಳಲ್ಲಿ. ಅಲ್ಲಿ ಗೆದ್ದದ್ದಕ್ಕೆ ಎರಡು ಕಾರಣ. ಮೊದಲನೆಯದು ತಂತಿ. ರೈಲ್ವೆಯದೇ ಆದ ರೈಲ್‌ಟೆಲ್ ಸಂಸ್ಥೆ 2000ದಿಂದಲೇ ಹಳಿಗಳ ಪಕ್ಕದಲ್ಲಿ ಫೈಬರ್ ಹಾಸಿಕೊಂಡು ಬಂದಿತ್ತು. 2016ರ ಜನವರಿಯಲ್ಲಿ ಗೂಗಲ್ ಜೊತೆ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ವೈಫೈ ತೆರೆದಾಗ ರಸ್ತೆ ಅಗೆಯುವ ರಗಳೆ ಇರಲಿಲ್ಲ. 2018ರ ಜೂನ್‌ಗೆ ಅಸ್ಸಾಮಿನ ದಿಬ್ರುಗಢದಲ್ಲಿ ನಾನೂರನೇ ನಿಲ್ದಾಣ. 2020ರಲ್ಲಿ ಗೂಗಲ್, ಡೇಟಾ ಅಗ್ಗವಾಯಿತೆಂದು ಹೇಳಿ ಕೈ ಬಿಟ್ಟಿತು. ರೈಲ್‌ಟೆಲ್ ಬಿಡಲಿಲ್ಲ; ಇಂದು ಆರು ಸಾವಿರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ವೈಫೈ ಇದೆ.

ಎರಡನೆಯ ಕಾರಣ ಇನ್ನೂ ಸರಳ: ನಿಲ್ದಾಣದಲ್ಲಿ ಜನ ಕಾಯುತ್ತಾರೆ. ಎಂ.ಜಿ. ರಸ್ತೆಯಲ್ಲಿ ಜನ ನಡೆಯುತ್ತಾರೆ. ವೈಫೈ ಬೇಕಿರುವುದು ಕೂತವರಿಗೆ.

ಎರ್ನಾಕುಲಂ ಜಂಕ್ಷನ್ನಿನ ಹಮಾಲರೊಬ್ಬರ ಕತೆ 2018ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವರ ಬಳಿ ಪುಸ್ತಕದ ರಾಶಿಯಿರಲಿಲ್ಲ. ನಿಲ್ದಾಣದ ವೈಫೈನಲ್ಲಿ ಪಾಠಗಳನ್ನು ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತಲೆಯ ಮೇಲೆ ಸೂಟ್‌ಕೇಸ್ ಹೊತ್ತು ನಡೆಯುತ್ತಲೇ ಕೇಳಿದರು. ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದರು. ಆಮೇಲೆ ವಾಟ್ಸ್ಆ್ಯಪ್ ಆ ಕತೆಗೆ ಬಣ್ಣ ಬಳಿದು ಅವರನ್ನು ಐಎಎಸ್ ಅಧಿಕಾರಿಯನ್ನಾಗಿ ಮಾಡಿಬಿಟ್ಟಿತು. ಹಳ್ಳಿ ಮಟ್ಟದ ಸಣ್ಣ ಸರ್ಕಾರಿ ನೌಕರಿಗೆ ಒಬ್ಬ ಹಮಾಲ ಪರೀಕ್ಷೆ ಪಾಸಾಗುವುದು ನಮ್ಮ ಫಾರ್ವರ್ಡ್ ಮಂದಿಗೆ ಸಾಲದು.

ಅದೇ ನಿಲ್ದಾಣಗಳಲ್ಲಿ ಈಗ ದಿನಕ್ಕೆ ಅರ್ಧ ಗಂಟೆ ಮಾತ್ರ ಪುಕ್ಕಟೆ, ವೇಗ 1 ಎಂಬಿಪಿಎಸ್. 2021ರ ಮಾರ್ಚ್‌ನಲ್ಲಿ ಪ್ರಿಪೇಯ್ಡ್ ಪ್ಯಾಕುಗಳು ಬಂದಾಗ ಹತ್ತು ರೂಪಾಯಿಗೆ ಒಂದು ದಿನಕ್ಕೆ 5 ಜಿಬಿ, ವೇಗ 34 ಎಂಬಿಪಿಎಸ್ ಎಂದು ದರ ಇಟ್ಟರು. ನ್ಯಾಯವಾದ ದರವೇ. ನಿಜವಾದ ತೊಡಕು ದುಡ್ಡಿನದಲ್ಲ, ಬಾಗಿಲಿನದು.

ಆ ಬಾಗಿಲ ಹೆಸರು ಓಟಿಪಿ. ಅದು ಬಂದದ್ದಕ್ಕೂ ಕಾರಣವಿದೆ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಬೆದರಿಕೆ ಇಮೇಲ್ ಹೋದದ್ದು ನವಿ ಮುಂಬೈನಲ್ಲಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಯ ವೈಫೈನಿಂದ. ಅವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ, ಬಳಸುವವರ ಗುರುತು ದಾಖಲಾಗದೆ ಯಾರಿಗೂ ವೈಫೈ ಕೊಡಬಾರದೆಂದು ನಿಯಮ ಮಾಡಿತು. ಅಂದಿನಿಂದ ಬಹುತೇಕ ಕಡೆ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯೇ ಕೀಲಿಕೈ.

ಇದರಿಂದ ಏನಾಗುತ್ತದೆ ನೋಡಿ. ಅಕ್ಕನ ಹಳೆಯ, ಸಿಮ್ ಇಲ್ಲದ ಫೋನು ಹಿಡಿದ ಹುಡುಗ ಬಸ್ ನಿಲ್ದಾಣದಲ್ಲಿ ಅಪ್ಪನ ಸಂಖ್ಯೆ ಒತ್ತುತ್ತಾನೆ. ಓಟಿಪಿ ಹೋಗುವುದು ಹೊಲದಲ್ಲಿರುವ ಅಪ್ಪನ ಜೇಬಿಗೆ. ಅಪ್ಪ ಫೋನ್ ತೆಗೆದು, ಕನ್ನಡಕ ಹುಡುಕಿ, ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಭಾರತದ ಸಿಮ್ ಇಲ್ಲದೆ ಹಂಪಿ ನೋಡಲು ಹೊಸಪೇಟೆಯಲ್ಲಿ ಇಳಿದ ವಿದೇಶೀಯನ ಪಾಡೂ ಇದೇ. ಸಂಪರ್ಕ ಇಲ್ಲದವರಿಗಾಗಿ ಮಾಡಿದ ಸೇವೆಗೆ ಸಂಪರ್ಕ ಇದ್ದವರಷ್ಟೇ ಒಳಗೆ ಬರಬಹುದು! ಗ್ರಂಥಾಲಯದ ಕಾರ್ಡು, ಶಾಲೆಯ ಗುರುತಿನ ಚೀಟಿ ನೋಡಿ ಕೊಡುವ ಕೂಪನ್ ಗುರುತಿಗೆ ಸಾಲದೇಕೆ ಎಂದು ಇಲಾಖೆ ಒಮ್ಮೆ ಯೋಚಿಸಬಹುದು.

ಕೇಂದ್ರ ಸರ್ಕಾರದ ಪಿಎಂ-ವಾಣಿ ಯೋಜನೆಯದು ಇನ್ನೊಂದು ಕತೆ. 2020ರ ಡಿಸೆಂಬರ್‌ನಲ್ಲಿ ಸಂಪುಟ ಒಪ್ಪಿದ ಈ ಯೋಜನೆಯ ಮೂಲ ಕಲ್ಪನೆ ಚೆಂದವಾಗಿದೆ. ಹಿಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇದ್ದಂತೆ ಈಗ ಬೀದಿಯ ಕಿರಾಣಿ ಅಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು, ಬೇಕಿದ್ದರೆ ಚಹಾ ಕುಡಿದವರಿಗೆ ಪುಕ್ಕಟೆ ಕೊಡಬಹುದು. ಅಂಥ ಅಂಗಡಿಗೆ ‘ಪಿಡಿಒ’ ಎಂದು ಹೆಸರಿಟ್ಟರು, ಪಬ್ಲಿಕ್ ಡೇಟಾ ಆಫೀಸ್ ಎಂದು. ಕರ್ನಾಟಕದ ಹಳ್ಳಿಯಲ್ಲಿ ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅವರ ಸಹಿಗಾಗಿ ಜನ ಕಾಯುತ್ತಾರೆಯೇ ವಿನಾ ವೈಫೈಗಲ್ಲ.

ಹೆಸರಿನ ಗೊಂದಲ ಹಾಗಿರಲಿ, ಹೊಡೆತ ಬಿದ್ದದ್ದು ದರದಲ್ಲಿ. ಮನೆಗಳಿಗೆ ಅಗ್ಗದಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿಗಳು ಅಂಗಡಿಯವರಿಗೆ ಮಾತ್ರ ದುಬಾರಿ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎಂದವು. ಬೀಡಿ, ಬಿಸ್ಕತ್ತು ಮಾರುವವರಿಗೆ ಅದು ಎಲ್ಲಿ ಗಿಟ್ಟೀತು? 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2022ರ ಹೊತ್ತಿಗೆ ಒಂದು ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್ ಎಂದಿತ್ತು. 2025ರ ನಡುಭಾಗಕ್ಕೂ ಪಿಎಂ-ವಾಣಿಯ ಲೆಕ್ಕ ನಾಲ್ಕು ಲಕ್ಷ ದಾಟಿರಲಿಲ್ಲ. ಆ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಕೂಡದು ಎಂದು ಆದೇಶಿಸಿತು. ಐದು ವರ್ಷ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ದೆಹಲಿಯಲ್ಲಿ 2019ರಲ್ಲಿ ಹನ್ನೊಂದು ಸಾವಿರ ಹಾಟ್‌ಸ್ಪಾಟ್, ತಲೆಗೆ ತಿಂಗಳಿಗೆ 15 ಜಿಬಿ ಎಂದು ಘೋಷಿಸಿದರು. ಘೋಷಣೆಗಳಲ್ಲಿ ಯಾವಾಗಲೂ ಎಷ್ಟು ಎಂಬುದೇ ದೊಡ್ಡಕ್ಷರ. ಎಲ್ಲಿ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದು ಸಣ್ಣಕ್ಷರದಲ್ಲೂ ಇರುವುದಿಲ್ಲ. ಈ ಪ್ರಶ್ನೆಗೆ ಉತ್ತರವೆಂಬಂತೆ, ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಊರವರೇ ನೋಡಿಕೊಳ್ಳುವಂಥ ವೈಫೈ ಜಾಲ ಕಟ್ಟುವ ಪ್ರಯೋಗ ನಡೆಸಿದೆ. ಆಂಟೆನಾ ಏರಿಸಲು ಬಿದಿರಿನ ಗಳುವೂ ಆಗುತ್ತದೆ ಎಂದು ಅದು ತೋರಿಸಿತು.

ಕರ್ನಾಟಕಕ್ಕೆ ಹೊಸ ಜಾಗ ಹುಡುಕುವ ಶ್ರಮವೂ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಸಾವಿರಾರು ಹಳ್ಳಿಗಳಲ್ಲಿವೆ, ಎಷ್ಟೋ ಕಡೆ ಕಂಪ್ಯೂಟರೂ ಇಂಟರ್ನೆಟ್ಟೂ ಬಂದಿವೆ. ಸಂಜೆ ಬಾಗಿಲಿಗೆ ಬೀಗ ಬೀಳುವಾಗ ರೂಟರಿನ ಸ್ವಿಚ್ಚೂ ಆಫ್ ಆಗುತ್ತದೆ, ಕರೆಂಟು ಉಳಿಯಲಿ ಎಂದು. ರೂಟರ್ ಒಂದು ದಿನವಿಡೀ ಉರಿದರೂ ಕಾಲು ಯೂನಿಟ್ ಆಸುಪಾಸು. ಆ ಒಂದು ಸ್ವಿಚ್ಚನ್ನು ಹಾಗೇ ಬಿಟ್ಟು, ಜಗಲಿಗೊಂದು ಬಲ್ಬು, ಮೇಲೊಂದು ತಗಡಿನ ಮಾಡು ಹಾಕಿಸಿದರೆ ಮಳೆಗಾಲದಲ್ಲೂ ಹುಡುಗ ಹುಡುಗಿಯರು ಅಲ್ಲಿ ಕೂತು ಪಾಠ ಕೇಳಬಹುದು.