ಮುಖ ಕಪ್ಪು, ಆಕಾಶ ಸುಣ್ಣ!

ಈ ವಾರದ ಅಂಚೆಯಲ್ಲಿ ಹಿರಿಯೂರಿನ ತಮ್ಮನೊಬ್ಬನ ಪತ್ರ ಬಂದಿದೆ. ಪತ್ರ ಅನ್ನೋದಕ್ಕಿಂತ ಅಳಲು ಅನ್ನಿ!

"ಅಣ್ಣಾ, ನಮ್ಮ ಬಾಸ್ ಪಿಕ್ಚರ್ ರಿಲೀಸ್ ದಿನ ಬೆಳಿಗ್ಗೆ ಕಟೌಟ್ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಸೂರ್ಯ ಕಟೌಟಿನ ಬೆನ್ನ ಹಿಂದೆ ಇದ್ದ. ಫೋಟೋ ನೋಡಿದ್ರೆ ಬಾಸೂ ಕಪ್ಪು, ನಾನೂ ಕಪ್ಪು! ಆಕಾಶ ಮಾತ್ರ ಸುಣ್ಣ ಹೊಡೆದ ಗೋಡೆ ಥರ ಬೆಳ್ಳಗೆ. ಕಂತಿನಲ್ಲಿ ತಗೊಂಡ ಫೋನು, ಇನ್ನೂ 7 ಕಂತು ಬಾಕಿ. ಅದರಲ್ಲಿ ಎಚ್‌ಡಿಆರ್ ಅಂತ ಒಂದು ಗುಂಡಿ ಇದೆ. ಅದನ್ನ ಒತ್ತಿದ್ರೆ ಈ ಕಪ್ಪು ಹೋಗುತ್ತಾ?"

ಹೋಗುತ್ತೆ ತಮ್ಮಾ, ಹೋಗುತ್ತೆ. ಆದರೆ ಕಂಡ ಕಂಡಲ್ಲೆಲ್ಲ ಒತ್ತಿದರೆ ಇದ್ದದ್ದೂ ಹೋಗುತ್ತೆ! ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅಂತ ಹೇಳೋಕೆ ಮುಂಚೆ, ನಾನೇ ಕೈ ಸುಟ್ಟುಕೊಂಡ ಒಂದು ಪ್ರಸಂಗ ಹೇಳಿಬಿಡ್ತೀನಿ. ಇದು ನಗೆಯ ಪ್ರಸಂಗವಲ್ಲ.

* * *

ನಮ್ಮೂರ ಟಾಕೀಸಿನಲ್ಲಿ ಒಬ್ಬ ಆಪರೇಟರ್ ಇದ್ದರು. ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಊರಿಗೆಲ್ಲ 'ಆಪರೇಟರ್ ಮಾಮ'. ಕಾರ್ಬನ್ ಕಡ್ಡಿ ಉರಿಸಿ ಪಿಕ್ಚರ್ ತೋರಿಸುತ್ತಿದ್ದ ಕಾಲದವರು. ಎರಡು ಕಡ್ಡಿಗಳ ತುದಿಯ ನಡುವೆ ಕಣ್ಣು ಕುಕ್ಕುವ ಬೆಳಕು. ಕಡ್ಡಿ ಉರಿದು ಸವೆದಂತೆಲ್ಲ ನಡುವಿನ ಅಂತರ ಸರಿ ಮಾಡ್ತಾ ಇರಬೇಕು. ಒಂದು ಕ್ಷಣ ಮೈಮರೆತರೆ ಪರದೆಯ ಮೇಲೆ ನಾಯಕನ ಮುಖ ಮಂಕು, ಕೆಳಗೆ ನಮ್ಮ ಶಿಳ್ಳೆ, ಬೈಗುಳ! ಮಾಮ ಮೈಮರೆತದ್ದು ತೀರಾ ಕಡಿಮೆ.

ಆಮೇಲೆ ಡಿಜಿಟಲ್ ಬಂತು. ರೀಲಿನ ಡಬ್ಬಗಳು ಹೋದವು. ಕೊನೆಗೊಂದು ದಿನ ಟಾಕೀಸಿಗೇ ಬೀಗ ಬಿತ್ತು.

ಬೀಗ ಬಿದ್ದ ವಾರ ನಾನು ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ನಾನು ಕ್ಯಾಬಿನ್ ಒಳಗೆ, ಹಳೇ ಪ್ರೊಜೆಕ್ಟರ್ ಪಕ್ಕ. ಮಾಮ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಅವರ ಬೆನ್ನ ಹಿಂದೆ ಉರಿಯೋ ಆಕಾಶ.

"ಒಂದು ಫೋಟೋ, ಮಾಮ" ಅಂದೆ.

"ನನ್ದೇನಪ್ಪಾ ಫೋಟೋ? ಮಿಷಿನ್ದು ತೆಗಿ" ಅಂದರು. ಅಂದರೂ ನಕ್ಕರು.

ಒಂದೇ ಒಂದು ಸಲ ಒತ್ತಿದೆ. ಫೋಟೋ ಬೇಗ ಬೇಗ ಬರಲಿ, ಫೋನಿನಲ್ಲಿ ಜಾಗ ಉಳಿಯಲಿ ಅಂತ ಆ ಎಚ್‌ಡಿಆರ್ ಗುಂಡಿಯನ್ನು ನಾನೇ ಆಫ್ ಮಾಡಿಟ್ಟಿದ್ದೆ. ತೆಗೆದದ್ದನ್ನು ಅಲ್ಲೇ ನಿಂತು ನೋಡಲೂ ಇಲ್ಲ.

ಎಂಟು ತಿಂಗಳಲ್ಲಿ ಮಾಮ ತೀರಿಕೊಂಡರು. ಅವರ ಮಗಳು ಫೋನ್ ಮಾಡಿದರು. "ಅಣ್ಣಾ, ಅಪ್ಪಂದು ಒಳ್ಳೇ ಫೋಟೋ ಒಂದೂ ಸಿಕ್ತಿಲ್ಲ. ನೀವು ಟಾಕೀಸ್‌ನಲ್ಲಿ ತೆಗೆದಿದ್ರಂತಲ್ಲ. ಬ್ಯಾನರ್‌ಗೆ ಬೇಕಿತ್ತು."

ಹುಡುಕಿ ತೆಗೆದೆ. ಬಾಗಿಲ ತುಂಬ ಬೆಳ್ಳನೆ ಬೆಳಕು. ನಡುವೆ ಒಂದು ಕಪ್ಪು ಆಕಾರ. ನಕ್ಕ ಮುಖ ಎಲ್ಲಿ? ಇಲ್ಲವೇ ಇಲ್ಲ. ಸ್ಟುಡಿಯೋ ಹುಡುಗನ ಪಕ್ಕ ಕೂತು ಬ್ರೈಟ್ ಮಾಡಿಸಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂತು. ಬೂದಿಯ ಮೇಲೆ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಬಂತು. ಮಾಮ ಮಾತ್ರ ಬರಲಿಲ್ಲ. ಕೊನೆಗೆ ಯಾರದೋ ಮದುವೆಯ ಗುಂಪು ಫೋಟೋದಿಂದ ತಲೆಯಷ್ಟನ್ನು ಕತ್ತರಿಸಿ ಬ್ಯಾನರ್ ಮಾಡಿಸಿದರು.

ಜೀವಮಾನವೆಲ್ಲ ಬೇರೆಯವರ ಮುಖ ಬೆಳಗಿಸಿದ ಮನುಷ್ಯ. ಅವರ ಮುಖವನ್ನೇ ನಾನು ಕತ್ತಲಿಗೆ ಕೊಟ್ಟುಬಿಟ್ಟಿದ್ದೆ.

* * *

ಆವತ್ತು ಆದದ್ದೇನು? ನನ್ನ ಕಣ್ಣಿಗೆ ಮಾಮನ ನಗುವೂ ಕಂಡಿತ್ತು, ಹೊರಗಿನ ಮೋಡವೂ ಕಂಡಿತ್ತು. ಫೋನಿಗೆ ಯಾಕೆ ಕಾಣಲಿಲ್ಲ?

ಅಂಗಳದಲ್ಲಿ ಮಳೆಗೆ ಸಾಲು ಸಾಲಾಗಿ ಲೋಟ ಇಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಕ್ಯಾಮರಾ ಒಳಗಿನ ಸೆನ್ಸರ್ ಅಂದರೆ ಅದೇ: ಬೆಳಕಿನ ಮಳೆ ಹಿಡಿಯೋ ಲಕ್ಷಾಂತರ ಪುಟ್ಟ ಲೋಟಗಳು. ಸೂರಿನ ನೀರು ಬೀಳೋ ಕಡೆಯ ಲೋಟ ತುಂಬಿ ಚೆಲ್ಲಿತು. ಎಷ್ಟು ಚೆಲ್ಲಿತು ಅಂತ ಅದನ್ನು ನೋಡಿ ಹೇಳೋಕಾಗಲ್ಲ. ಅದೇ ಸುಣ್ಣದಂಥ ಆಕಾಶ. ಮರೆಯಲ್ಲಿದ್ದ ಲೋಟಕ್ಕೆ ಎರಡೇ ಹನಿ ಬಿತ್ತು. ಅಳೆಯೋಕೆ ಏನಿದೆ ಅದರಲ್ಲಿ? ಅದೇ ಕಪ್ಪು ಮುಖ. ಫೋನಿನ ಸೆನ್ಸರ್ ಚಿಕ್ಕದು, ಅದರ ಲೋಟಗಳೂ ಚಿಕ್ಕವು. ಬೇಗ ತುಂಬುತ್ತವೆ.

ಛಾಯಾಗ್ರಾಹಕರ ಭಾಷೆಯಲ್ಲಿ ಬೆಳಕು ದುಪ್ಪಟ್ಟಾದರೆ ಒಂದು 'ಸ್ಟಾಪ್'. ಎರಡು ಸ್ಟಾಪ್ ಅಂದರೆ 4 ಪಟ್ಟು, 10 ಸ್ಟಾಪ್ ಅಂದರೆ 1024 ಪಟ್ಟು. ಕತ್ತಲ ಕೋಣೆ, ಉರಿ ಬಿಸಿಲು ಎರಡೂ ಒಂದೇ ಚೌಕಟ್ಟಿಗೆ ಬಂದಾಗ ವ್ಯತ್ಯಾಸ ಇದನ್ನೂ ಮೀರಿಬಿಡುತ್ತೆ. ಒಂದೇ ಚಿತ್ರದಲ್ಲಿ ಎರಡನ್ನೂ ಹಿಡಿಯೋದು ಫೋನಿನ ಕೈಲಾಗದ ಮಾತು.

ಅದಕ್ಕೇ ಎಚ್‌ಡಿಆರ್. ಹೈ ಡೈನಾಮಿಕ್ ರೇಂಜ್ ಅಂತ ಅದರ ಪೂರ್ತಿ ಹೆಸರು. ನೀವು ಒತ್ತೋದು ಒಂದು ಸಲ, ಫೋನು ತೆಗೆಯೋದು ಹಲವು ಚಿತ್ರ. ಒಂದರಲ್ಲಿ ಬೆಳಕು ಕಡಿಮೆ, ಆಕಾಶಕ್ಕಾಗಿ. ಒಂದರಲ್ಲಿ ಹೆಚ್ಚು, ಮುಖಕ್ಕಾಗಿ. ಎಲ್ಲದರಿಂದ ಒಳ್ಳೇ ಭಾಗ ಆರಿಸಿ ಒಂದು ಮಾಡುತ್ತೆ. ಹಳೇ ಚಿತ್ರಗಳ ಡಬಲ್ ಆ್ಯಕ್ಟಿಂಗ್ ನೆನಪಿದೆಯಾ? ಅರ್ಧ ಫ್ರೇಮ್ ಮುಚ್ಚಿ ಅಣ್ಣನ ಪಾತ್ರ ಚಿತ್ರೀಕರಿಸಿ, ಫಿಲಂ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ತಮ್ಮನ ಪಾತ್ರ! ಇಲ್ಲಿ ಅಣ್ಣ ಆಕಾಶ, ತಮ್ಮ ಮುಖ, ಅಷ್ಟೇ ವ್ಯತ್ಯಾಸ.

ಈ ಉಪಾಯ ಫೋನ್ ಕಂಪನಿಗಳ ತಲೆಯಿಂದ ಹುಟ್ಟಿದ್ದೂ ಅಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮುದ್ರಿಸುತ್ತಿದ್ದ. 2010ರಲ್ಲಿ ಆ್ಯಪಲ್ ಐಫೋನ್ 4ಕ್ಕೆ ಎಚ್‌ಡಿಆರ್ ಕೊಟ್ಟಿತು. 2013ರಲ್ಲಿ ಗೂಗಲ್ ನೆಕ್ಸಸ್ 5ರಲ್ಲಿ ಬೇರೆ ದಾರಿ ಹಿಡಿಯಿತು: ಆಕಾಶ ಕೆಡದ ಹಾಗೆ ಬೆಳಕು ಕಡಿಮೆ ಇಟ್ಟು ಪಟಪಟನೆ ಹಲವು ಚಿತ್ರ ತೆಗೆಯೋದು, ಒಂದರ ಮೇಲೊಂದು ಕೂಡಿಸಿ ಮರಳಿನ ಕಾಳು ಅಳಿಸೋದು, ಆಮೇಲೆ ಮುಖ ಮೇಲಕ್ಕೆತ್ತೋದು.

* * *

ಈಗ ಹಿರಿಯೂರಿನ ತಮ್ಮನಿಗೆ ಉತ್ತರ. ಬರೆದಿಟ್ಟುಕೋ!

ಮೊದಲನೆಯದು: ಗುಂಡಿಯನ್ನು 'ಆಟೋ'ದಲ್ಲಿ ಇಡು. ಬೇಕಾದಾಗ ಫೋನೇ ಹಾಕಿಕೊಳ್ಳುತ್ತೆ. ಕಟೌಟ್ ಹಿಂದೆ ಸೂರ್ಯ ಇದ್ದರೆ, ಗೆಳೆಯ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರೆ, ಮರದ ನೆರಳಲ್ಲಿ ನಿಂತು ಹಿಂದೆ ಬೆಟ್ಟ ತೋರಿಸಬೇಕಾದರೆ ನೀನೇ 'ಆನ್' ಮಾಡು. ಬಾದಾಮಿಗೆ ಹೋದರೆ ಮೂರನೇ ಗುಹೆಯ ಮೊಗಸಾಲೆಯಲ್ಲಿ ನಿಂತು ನೋಡು. ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ಒಳಗೆ ಕೆತ್ತನೆಯ ಕಂಬ ನೆರಳಲ್ಲಿ, ಹೊರಗೆ ಅಗಸ್ತ್ಯ ತೀರ್ಥ ಬಿಸಿಲಲ್ಲಿ. ಎಚ್‌ಡಿಆರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ಎರಡನೆಯದು: ತೆರೆಯ ಮೇಲೆ ಮುಖವನ್ನು ಬೆರಳಿಂದ ಮುಟ್ಟು. ಫೋನಿಗೆ ನಾಯಕ ಯಾರು ಅಂತ ಹೇಳಿದ ಹಾಗೆ. ಪಕ್ಕದಲ್ಲಿ ಪುಟ್ಟ ಸೂರ್ಯನ ಚಿಹ್ನೆ ಬಂದರೆ ಅದನ್ನು ಒಂದಿಷ್ಟೇ ಇಷ್ಟು ಕೆಳಗೆ ಎಳಿ. ಆಕಾಶಕ್ಕೂ ಬಣ್ಣ ಉಳಿಯುತ್ತೆ.

ಮೂರನೆಯದು: ಅಲುಗಾಡಬೇಡ! ಹಲವು ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರಬೇಕಲ್ಲ. ಎರಡು ಕೈ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು ಒತ್ತು. ಒತ್ತಿದ ಕೂಡಲೇ ಫೋನ್ ಇಳಿಸಬೇಡ. ಒಂದು ಕ್ಷಣ ಹಾಗೇ ಇರು. ಅದಕ್ಕೂ ಮೊದಲು ಲೆನ್ಸ್ ಒರೆಸು. ಎಣ್ಣೆ ಬೆರಳಿನ ಗುರುತಿಗೆ ಎದುರು ಬಿಸಿಲು ಬಿದ್ದರೆ ಯಾವ ಎಚ್‌ಡಿಆರೂ ಕಾಪಾಡಲ್ಲ.

ನಾಲ್ಕನೆಯದು: ಶೂಟಿಂಗ್ ನೋಡೋಕೆ ಹೋದಾಗ ಬರೀ ನಾಯಕಿಯನ್ನೇ ನೋಡಬೇಡ, ಲೈಟ್ ಬಾಯ್‌ಗಳನ್ನೂ ನೋಡು! ಬಿಸಿಲಲ್ಲಿ ಬೆಳ್ಳಿ ಹಾಳೆಯ ರಿಫ್ಲೆಕ್ಟರ್, ಥರ್ಮೋಕೋಲ್ ಹಿಡಿದು ನಿಂತಿರುತ್ತಾರೆ. ಯಾಕೆ? ಆಕಾಶಕ್ಕೆ ಸಮ ಆಗೋ ಹಾಗೆ ಮುಖಕ್ಕೆ ಬೆಳಕು ತಿರುಗಿಸೋಕೆ. ಎಚ್‌ಡಿಆರ್ ಲೆಕ್ಕದಲ್ಲಿ ಮಾಡೋದನ್ನು ಅವರು ತೋಳಿನಲ್ಲಿ ಮಾಡ್ತಾರೆ. ನೀನೂ ಒಂದು ಬಿಳಿ ಪಂಚೆಯನ್ನೋ ಥರ್ಮೋಕೋಲ್ ಹಾಳೆಯನ್ನೋ ಗೆಳೆಯನ ಕೈಲಿ ಹಿಡಿಸು. ಫೋನಿನ ಕೆಲಸ ಅರ್ಧ ಹಗುರ!

* * *

ಇನ್ನು ಎಲ್ಲಿ ಒತ್ತಬಾರದು?

ಫಸ್ಟ್ ಡೇ ಫಸ್ಟ್ ಶೋ. ಕಾಗದದ ಚೂರು ಹಾರ್ತಾ ಇದೆ, ತಮಟೆಗೆ ಹುಡುಗರು ಕುಣೀತಾ ಇದಾರೆ. ಅಲ್ಲಿ ಎಚ್‌ಡಿಆರ್ ಹಾಕಿದರೆ ಮೊದಲ ಚಿತ್ರದಲ್ಲಿ ಕೈ ಮೇಲೆ, ಮೂರನೆಯದರಲ್ಲಿ ಕೈ ಕೆಳಗೆ. ಎರಡೂ ಸೇರಿದರೆ ಗೆಳೆಯನಿಗೆ ಮೂರು ಕೈ! ಹೊಸ ಫೋನುಗಳು ಈ ದೆವ್ವದ ಕಾಟವನ್ನು ಬಹಳ ಮಟ್ಟಿಗೆ ತಡೀತವೆ, ಪೂರ್ತಿ ಅಲ್ಲ. ಓಡೋದು, ಹಾರೋದು, ಕುಣಿಯೋದು ಇದ್ದರೆ ಆಫ್ ಮಾಡು.

ರಾತ್ರಿ ಎಲ್ಲವೂ ಕತ್ತಲಾಗಿದ್ದರೆ ಎಚ್‌ಡಿಆರ್ ಮದ್ದಲ್ಲ. ಅದಕ್ಕೆ ನೈಟ್ ಮೋಡ್ ಬೇರೆ ಇದೆ. ಎಚ್‌ಡಿಆರ್ ಇರೋದು ಕತ್ತಲು ಬೆಳಕಿನ ಜಗಳ ಬಿಡಿಸೋಕೆ, ಬೆಳಕು ಹುಟ್ಟಿಸೋಕಲ್ಲ.

ಥಿಯೇಟರ್ ಒಳಗೆ ಪರದೆಯ ಕಡೆಗಂತೂ ಫೋನ್ ಎತ್ತಲೇಬೇಡ. ಪಿಕ್ಚರನ್ನು ಅಲ್ಲಿ ರೆಕಾರ್ಡ್ ಮಾಡಿದರೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪ್ರಕಾರ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡವೂ 3 ಲಕ್ಷದಿಂದ ಶುರು. ನಿನ್ನ 7 ಕಂತಿನ ಜೊತೆ ಅದೂ ಬೇಕಾ?

ಕೊನೆಯದು, ಬಹಳ ಮುಖ್ಯವಾದದ್ದು. ಕತ್ತಲೇ ಸೊಗಸಾದ ಕಡೆ ಕತ್ತಲನ್ನು ಬಿಡು. ನಾಯಕನ ಎಂಟ್ರಿ ನೆನಪು ಮಾಡಿಕೋ: ಹಿಂದೆ ಬೆಳಕು, ಮುಂದೆ ಬರೀ ಆಕಾರ. ಮುಖ ಕಾಣಲ್ಲ, ಆದರೂ ಚಿತ್ರಮಂದಿರ ಗಡಗಡ! ಅಲ್ಲಿ ಎಚ್‌ಡಿಆರ್ ಹಾಕಿದರೆ ಗುಟ್ಟು ರಟ್ಟು, ಶಿಳ್ಳೆ ಠುಸ್ಸು.

ನಮ್ಮ ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಏನು ಮಾಡಿದರು ಗೊತ್ತಾ? ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ, ಕತ್ತಲು ತುಂಬಿದ ಸ್ಟುಡಿಯೋ ಒಳಗೆ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿಬಿಟ್ಟರು! 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಸುತ್ತಲಿನ ಕತ್ತಲನ್ನು ಅವರು ಬೆಳಗಿಸಿದ್ದಿದ್ದರೆ ಆ ಕಂಬ ಯಾರ ಕಣ್ಣಿಗೆ ಬೀಳುತ್ತಿತ್ತು?

ಮೇಲುಕೋಟೆಯ ರಾಯಗೋಪುರದ ಕಂಬಗಳ ನಡುವೆ ಸಂಜೆ ಗೆಳೆಯನನ್ನು ನಿಲ್ಲಿಸಿ, ಎಚ್‌ಡಿಆರ್ ಆಫ್ ಮಾಡಿ, ಆಕಾಶವನ್ನು ಮುಟ್ಟಿ ಒತ್ತಿ ನೋಡು. ಕೆಲವು ಹೊಸ ಫೋನುಗಳಲ್ಲಿ ಆಫ್ ಮಾಡುವ ಗುಂಡಿಯೇ ಇರಲ್ಲ. ಆಗ ಆ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆದರೆ ಸಾಕು. ಗೆಳೆಯನೂ ಹೀರೋ ಆಗ್ತಾನೆ!

* * *

ಮಾಮನ ಮಗಳಿಗೆ ಆ ಕಪ್ಪು ಫೋಟೋವನ್ನು ಕಳಿಸೋಕೆ ನನಗೆ ಮನಸ್ಸಿರಲಿಲ್ಲ. ಅವರೇ ಕೇಳಿ ತರಿಸಿಕೊಂಡರು. ನೋಡಿ, "ಇರಲಿ ಬಿಡಿ ಅಣ್ಣಾ. ಟವೆಲ್ ಹಾಕ್ಕೊಂಡಿರೋ ರೀತಿ ನೋಡಿದ್ರೇ ಅಪ್ಪ ಅಂತ ಗೊತ್ತಾಗುತ್ತೆ" ಅಂದರು. ನನ್ನ ಸಮಾಧಾನಕ್ಕೆ ಅಂದ ಮಾತು ಅಂತ ನನಗೂ ಗೊತ್ತು. ಅವರ ಮಗುವಿಗೆ ಈಗ ಎರಡು ವರ್ಷ. ಅದು ತಾತನ ನಗು ನೋಡಿಲ್ಲ.

ಅದಕ್ಕೇ ಮಿತ್ರರೇ, ಬಾಸ್ ಕಟೌಟ್ ಫೋಟೋ ಖಂಡಿತ ತೆಗೀರಿ. ಹಾಗೇ ನಿಮ್ಮೂರ ಟಾಕೀಸಿನ ಆಪರೇಟರು, ಗೇಟ್ ಕೀಪರು, ಟಿಕೆಟ್ ಕೊಡೋ ಕಿಂಡಿಯ ಒಳಗಿನ ಮುಖ... ಅವರದ್ದೂ ಒಂದೊಂದು ತೆಗೀರಿ. ಮುಖ ಮುಟ್ಟಿ, ಕೈ ಗಟ್ಟಿ ಹಿಡಿದು, ಎಚ್‌ಡಿಆರ್ ಆನ್ ಮಾಡಿ. ತೆಗೆದ ಮೇಲೆ ಅಲ್ಲೇ ನಿಂತು ಒಂದು ಸಲ ನೋಡಿ. ಕಪ್ಪಾಗಿದ್ದರೆ "ಇನ್ನೊಂದು ಸಲ ನಗಿ ಮಾಮ" ಅಂತ ಕೇಳಿ.

ನಾನು ಕೇಳಲಿಲ್ಲ.

ಮುಂದಿನ ವಾರ: ಮಳೆಯಲ್ಲಿ ಫೋಟೋ. ಫೋನೂ ನೆನೆಯಬಾರದು, ಹಾಡಿನ ದೃಶ್ಯದ ಮಜಾನೂ ತಪ್ಪಬಾರದು! ಅಲ್ಲಿಯವರೆಗೆ ಲೆನ್ಸ್ ಒರೆಸ್ತಾ ಇರಿ.